ತೋಳದ ಬಿಲಕ್ಕೆ ಹಾಕಿದ ಹೊಗೆ

ಕೆ. ಹೊಸಕೋಟೆ ಬಸ್ ನಿಲ್ದಾಣದಲ್ಲಿ, ತೋಳಗಳನ್ನು ಉಳಿಸಿ ಎಂಬ ಕರಪತ್ರ ಹಂಚುತ್ತಿದ್ದ ಹುಡುಗಿಯನ್ನು ನಮ್ಮೂರ ರಂಗಪ್ಪ, "ನಮ್ ಕುರಿ ತಿನ್ನೋದನ್ನ ನಿಮ್ಮನೇಲೇ ಕಟ್ಕೊಳವ್ವ" ಎಂದು ಗೇಲಿ ಮಾಡಿದ. ನನಗೆ ರೇಗಿತು. ಕುರಿ ಹಿಡಿಯುತ್ತಿರುವುದು ಊರ ನಾಯಿಗಳೆಂದು ಈಚೆಗೆ ನಾನು ಎಷ್ಟು ಹೇಳಿದರೂ ದೂರು ತೋಳದ ಮೇಲೇ!

ಹರೆಯದಲ್ಲಿ ನಾನೂ ಹಾಗೇ ನಂಬಿ, ಗುಡ್ಡದ ತೋಳದ ಬಿಲಕ್ಕೆ ಮೆಣಸಿನಕಾಯಿ ಹೊಗೆ ಹಾಕಿ ನಾಲ್ಕು ಮರಿ ಕೊಂದಿದ್ದೆ. ಅವನ್ನು ಮನೆಮನೆಗೆ ತೋರಿಸಿ, ಆಗಿನ ರೂಢಿಯಂತೆ ರಾಗಿ ಪಡೆದಿದ್ದೆ. ಮರುವಾರ ನಾಯಿಗಳು ಕುರಿ ಹರಿಯುವುದನ್ನು ಕಣ್ಣಾರೆ ಕಂಡರೂ, ಆ ರಾಗಿ ಉಂಡ ನಾಚಿಕೆಗೆ ಆಗ ಬಾಯಿ ಬಿಡಲಿಲ್ಲ.

ಅದನ್ನೆಲ್ಲ ಅಲ್ಲೇ ಜೋರಾಗಿ ಹೇಳಿಬಿಟ್ಟೆ. "ಹಂಗಾರೆ ನಮ್ಮಪ್ಪ ಕೊಟ್ಟ ರಾಗಿ ವಾಪಸ್ ಕೊಡಣ್ಣ" ಎಂದು ರಂಗಪ್ಪ ನಕ್ಕು ಬಸ್ ಹತ್ತಿದ.

ಆ ಗುಡ್ಡದಲ್ಲಿ ಆಮೇಲೆ ತೋಳದ ಕೂಗು ಕೇಳಿಲ್ಲ. ಕುರಿಗಳು ಮಾತ್ರ ಈಗಲೂ ಸಾಯುತ್ತಿವೆ.