ಆರನೇ ಕಾರು

ನನ್ನ ಗಂಡ ಆರ್ಲೊ ಝಾಸ್ಟ್ರೋ ಊಟದ ಮೇಜಿನ ಮುಂದೆ ಪೂರ್ತಿ ಹತ್ತು ನಿಮಿಷ ಕೂತದ್ದನ್ನು ನಲವತ್ಮೂರು ವರ್ಷದ ಸಂಸಾರದಲ್ಲಿ ನಾನು ಕಂಡಿರಲಿಲ್ಲ. ಬಾಯಲ್ಲಿ ಅರ್ಧ ಸಾಸೇಜು, ಕೈಯಲ್ಲಿ ಅರ್ಧ, ಆಗಲೇ ಗ್ಯಾರೇಜಿನ ಬಾಗಿಲು ಕಿರ್ರೆನ್ನುತ್ತಿತ್ತು. ಚೀಸ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಮೆಕ್ಯಾನಿಕ್ ಆಗಿ ದುಡಿದವನು, ನಿವೃತ್ತನಾದ ಮೇಲಾದರೂ ಒಂದು ಕಡೆ ನಿಲ್ಲುತ್ತಾನೇನೋ ಅಂದುಕೊಂಡೆ. ಎಲ್ಲಿಯ ಮಾತು! ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಮನೆಗೆ.

ಗ್ಯಾರೇಜಿನಲ್ಲಿದ್ದವಳು ನನ್ನ ಸವತಿ, ಅರವತ್ತೊಂದನೇ ನಂಬರಿನ ಕಾರು. ಮದುವೆಯ ಮರುವರ್ಷವೇ ಕಟ್ಟಿದ್ದ. ಹಳೆಯ ಬೀಟಲ್ ಕಾರೊಂದರ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಆಕ್ಸಲ್ ಬಿಚ್ಚಿ, ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಜೋಡಿಸಿ, ನಾಲ್ಕೂ ಚಕ್ರ ಹೊರಗೆ ಬಿಟ್ಟು, ಒಬ್ಬನೇ ತೂರಿಕೊಂಡು ಕೂರುವಂಥ ಕಾರು. ಫಾರ್ಮುಲಾ ವೀ ಎನ್ನುತ್ತಾರೆ. ಹಾಲಿನ ಲಾರಿಯವನು, ಶಾಲೆಯ ಮೇಷ್ಟ್ರು, ಪ್ಲಂಬರು ಎಲ್ಲರೂ ಶನಿವಾರ ಭಾನುವಾರ ರೇಸು ಓಡಿಸಿ ಸೋಮವಾರ ಕೆಲಸಕ್ಕೆ ಹೋಗುತ್ತಿದ್ದರು. ಗೆದ್ದವನಿಗೆ ಸಿಗುತ್ತಿದ್ದದ್ದು ಗೋಡೆಗೆ ಹಾಕುವ ಒಂದು ಮರದ ಹಲಗೆ. ಆಗ ನಮ್ಮ ವಿಸ್ಕಾನ್ಸಿನ್ ಟ್ರ್ಯಾಕಿನಲ್ಲಿ ಮೂವತ್ತು ವೀಗಳು ಒಟ್ಟಿಗೆ ಹೊರಟರೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಿರುತ್ತಿತ್ತು. ನಾನು ಟ್ರ್ಯಾಕ್ ಪಕ್ಕದ ಗೋಪುರದ ಮೇಲೆ ಕೂತು ಸುತ್ತು ಎಣಿಸುತ್ತಿದ್ದೆ. ಈಗ ಪ್ರತಿ ಕಾರಿನಲ್ಲೂ ಒಂದು ಪುಟ್ಟ ಯಂತ್ರವಿದೆ, ಅದೇ ಎಣಿಸುತ್ತದೆ. ಆದರೂ ಹೊರಟ ಕಾರುಗಳ ಪಟ್ಟಿಗೆ ಕಣ್ಣಾರೆ ಕಂಡು ಸಹಿ ಹಾಕುವವಳು ನಾನೇ, ಲವರ್ನ್ ಝಾಸ್ಟ್ರೋ.

ವೀ ಬಂದ ಕೆಲವು ವರ್ಷಕ್ಕೇ ಫೋರ್ಡ್ ಎಂಜಿನ್ನಿನ ಕಾರುಗಳದೇ ಬೇರೆ ದರ್ಜೆ ಬಂತು. ಅದೂ ಸಾಮಾನ್ಯರ ರೇಸಂತೆ. ಅರ್ಧ ಜನ ಅತ್ತ ಓಡಿದರು. ಅದಕ್ಕೇ ವೇಗದಲ್ಲೂ ನೆಲ ಬಿಡದಿರಲಿ ಎಂದು ರೆಕ್ಕೆ ಕಟ್ಟಿ, ಎಂಜಿನ್ ದೊಡ್ಡದು ಮಾಡಿ ಇನ್ನೊಂದು ದರ್ಜೆ. ಅದರ ತಲೆಯ ಮೇಲೆ ಮತ್ತೊಂದು. ದುಬಾರಿಯಾಯಿತು ಎಂದು ಹಿಮದ ಮೇಲೆ ಓಡುವ ಬಂಡಿಯ ಎಂಜಿನ್ ಹಾಕಿ, ಸ್ಪ್ರಿಂಗಿನ ಜಾಗಕ್ಕೆ ರಬ್ಬರು ಇಟ್ಟು ಒಂದು. ಎಲ್ಲರಿಗೂ ಒಂದೇ ಥರದ ಕಾರು ಕೊಟ್ಟು, ಎಂಜಿನ್ನಿಗೆ ಮುದ್ರೆ ಒತ್ತಿ, ಯಾರೂ ಬಿಚ್ಚಕೂಡದು ಎನ್ನುವುದೊಂದು. ಈಗ ಬೈಕಿನ ಎಂಜಿನ್ನಿನದು. ಹುಟ್ಟುವಾಗ ಎಲ್ಲವೂ ಅಗ್ಗ, ಸರಳ ಎಂದೇ ಹುಟ್ಟುತ್ತವೆ. ಐದು ವರ್ಷ ಕಳೆಯಲಿ, ಓಡಿಸುವವರೆಲ್ಲ ದುಡ್ಡಿರುವ ಹಲ್ಲಿನ ಡಾಕ್ಟರುಗಳೇ.

ಆರ್ಲೊ ಮಾತ್ರ ವೀ ಬಿಟ್ಟು ಕದಲಲಿಲ್ಲ. ಮುದ್ರೆ ಒತ್ತಿದ ಎಂಜಿನ್ ನೋಡಿ ಬಂದ ದಿನ ಅಡುಗೆಮನೆಯಲ್ಲೇ ಕೂಗಾಡಿದ.

"ಬಿಚ್ಚೋಕೆ ಬಿಡದಿರೋ ಎಂಜಿನ್ನು ಯಾವ ಸುಖಕ್ಕೆ ಲವರ್ನ್? ಮುಟ್ಟಿಸ್ಕೊಳ್ದಿರೋ ಹೆಂಡ್ತಿ ಇದ್ದಂಗೆ!"

"ನೀನು ಮುಟ್ಟೋದು ಬರೀ ಎಂಜಿನ್ನೇ ಅಲ್ವಾ, ನಿಂಗೇನು ನಷ್ಟ?" ಎಂದು ಒದ್ದೆ ಟವೆಲ್ಲು ಎಸೆದೆ.

ಎರಡು ಸಾವಿರದ ಎಂಟರ ವಸಂತದಲ್ಲಿ ರೇಸು ನಡೆಸುವ ಕ್ಲಬ್ಬಿನ ಪತ್ರ ಬಂತು. ನಮ್ಮ ಕಡೆ ವೀ ಓಡಿಸುವವರು ಕಡಿಮೆಯಾಗಿದ್ದಾರೆ. ಸೆಪ್ಟೆಂಬರಿನ ಕೊನೆಯ ರೇಸಿನಲ್ಲಿ ಆರು ವೀಗಳಾದರೂ ಹೊರಡಬೇಕು. ಇಲ್ಲದಿದ್ದರೆ ಮುಂದಿನ ವರ್ಷದಿಂದ ಅವಕ್ಕೆ ಬೇರೆ ರೇಸಿಲ್ಲ, ರೆಕ್ಕೆಯ ಕಾರುಗಳ ಜೊತೆಯಲ್ಲೇ ಓಡಬೇಕು. ಆರ್ಲೊ ನಿಂತುಕೊಂಡೇ ಮೂರು ಸಲ ಓದಿದ.

"ಅವರ ಜೊತೆ ಓಡೋದು ಅಂದ್ರೆ ರೇಸಲ್ಲ. ಹೈವೇಲಿ ಸೈಕಲ್ ತುಳಿಯೋದು. ಮುಂದೆ ನೋಡೋದು ಬಿಟ್ಟು ಬರೀ ಕನ್ನಡಿ ನೋಡ್ಕೊಂಡು ಸಾಯ್ಬೇಕು. ಒಂದೇ ವರ್ಷ, ಎಲ್ಲರೂ ಕಾರು ಮಾರ್ತಾರೆ. ಅಲ್ಲಿಗೆ ಮುಗೀತು."

ಆ ಬೇಸಿಗೆಯಿಡೀ ಅವನು ಮನೆಯಲ್ಲಿ ನಿಂತದ್ದೇ ಇಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ನಮ್ಮ ಚಾವಣಿ ಸೋರುತ್ತಿತ್ತು. ಅವನು ಯಾರದೋ ಕೊಟ್ಟಿಗೆಯಲ್ಲಿ ಹದಿನೈದು ವರ್ಷ ಕೋಳಿ ಹಿಕ್ಕೆಯಡಿ ಮಲಗಿದ್ದ ಕಾರನ್ನು ಎಬ್ಬಿಸುತ್ತಿದ್ದ. ಅಂತೂ ನಾಲ್ಕು ಸಿಕ್ಕಿದವು. ಐದನೆಯದು ಅವನ ಹಳೆಯ ಜೊತೆಗಾರ ಗಾರ್ಡಿ ಪಿಪ್‌ಕಾರ್ನನದು. ಗಾರ್ಡಿ ರೇಸು ಬಿಟ್ಟು ಬಾರು ನಡೆಸುತ್ತಿದ್ದ. ಅವನ ಕಾರು ಆ ಬಾರಿನ ಚಾವಣಿಗೆ ಸರಪಳಿಯಲ್ಲಿ ನೇತಾಡುತ್ತಿತ್ತು, ಗಿರಾಕಿಗಳು ನೋಡಲಿ ಎಂದು.

"ಇಳಿಸು ಅದನ್ನ," ಎಂದ ಆರ್ಲೊ.

"ತಲೆ ಕೆಟ್ಟಿದ್ಯೇನೋ ಮುದುಕಾ? ಇಳಿಸಿದ್ರೂ ಈ ಹೊಟ್ಟೆ ಅದರೊಳಗೆ ಹೋಗ್ಬೇಕಲ್ಲ!"

"ಇನ್ನೂ ಎಂಟು ವಾರ ಇದೆ. ಬಿಯರ್ ಮಾರು, ಕುಡೀಬೇಡ."

ಗಾರ್ಡಿ ಬೈದ, ನಕ್ಕ, ಕೊನೆಗೆ ಏಣಿ ತಂದ. ಹೊಟ್ಟೆ ಇಳಿಯಲಿಲ್ಲ, ಆರ್ಲೊ ಸೀಟಿನ ಮೆತ್ತೆಯನ್ನೇ ಕಿತ್ತುಹಾಕಿ ಅವನನ್ನು ಒಳಗೆ ತೂರಿಸಿದ. ಐದಾಯಿತು. ಆರನೆಯದು ನಮ್ಮದೇ.

ಆಗಸ್ಟ್ ಕೊನೆಗೆ ಪಿಕಪ್ ವ್ಯಾನಿನಲ್ಲಿ ದಿನಸಿ ತರಲು ಹೊರಟವಳು ಬಿಸಿಲಿಗೆ ಅಡ್ಡವಾಗಿ ಗಾಜಿನ ಮೇಲಿನ ಮರೆಪಟ್ಟಿ ಇಳಿಸಿದೆ. ಮಡಚಿದ ಕಾಗದವೊಂದು ಮಡಿಲಿಗೆ ಬಿತ್ತು. ಡಾಕ್ಟರರ ಪತ್ರ. ಆರ್ಲೊನ ಎದೆ ಬಡಿತ ತಪ್ಪುತ್ತಿದೆ, ಇದ್ದಕ್ಕಿದ್ದಂತೆ ಎಚ್ಚರ ತಪ್ಪಬಹುದು, ಪರೀಕ್ಷೆ ಮುಗಿಯುವವರೆಗೆ ಯಾವ ವಾಹನವನ್ನೂ ಓಡಿಸಬಾರದು ಎಂದು ಬರೆದಿತ್ತು. ಅದರ ಮೇಲಿನ ತಾರೀಕಿಗೆ ಆಗಲೇ ಎರಡು ವಾರವಾಗಿತ್ತು. ಅವನನ್ನು ಏನೂ ಕೇಳಲಿಲ್ಲ. ಕಾಗದ ನನ್ನ ಕೈಚೀಲ ಸೇರಿತು. ಅವನೂ ಅದು ಎಲ್ಲಿ ಹೋಯಿತೆಂದು ಕೇಳಲಿಲ್ಲ. ಮೂರು ವಾರ ಒಬ್ಬರ ಮುಖ ಒಬ್ಬರು ನೋಡದೆ ಬದುಕಿದೆವು.

ರೇಸಿನ ದಿನ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇತ್ತು. ಅವನು ಟೈರಿನ ಗಾಳಿ ನಾಲ್ಕನೇ ಸಲ ನೋಡುತ್ತಿದ್ದ. ಇನ್ನು ತಡೆಯಲಾಗಲಿಲ್ಲ. ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದು ಕೇಳಿದೆ.

"ಇದೇನು?"

"ಗೊತ್ತಿದ್ರೆ ಯಾಕೆ ಕೇಳ್ತೀಯಾ?"

"ಬೇರೆ ಯಾರನ್ನಾದ್ರೂ ಕೂರಿಸು, ಆರ್ಲೊ."

"ಓಡಿಸೋರ ಹೆಸರು ಬರೆಸೋದು ನಿನ್ನೆಗೇ ಮುಗೀತು. ನಾನು ಹೊರಡ್ಲಿಲ್ಲ ಅಂದ್ರೆ ಐದೇ." ಅವನ ಕೈ ಸುಮ್ಮನಿರಲಿಲ್ಲ, ಒರೆಸಿದ್ದನ್ನೇ ಒರೆಸುತ್ತಿತ್ತು. "ಗೆರೆ ದಾಟಿದ್ರೆ ಸಾಕು, ಲೆಕ್ಕಕ್ಕೆ ಬರುತ್ತೆ. ಒಂದೇ ಸುತ್ತು. ದಾಟ್ತೀನಿ, ಸುತ್ತು ಬರ್ತೀನಿ, ಒಳಗೆ ಬಂದ್ಬಿಡ್ತೀನಿ."

"ನಿನ್ನ ಒಂದು ನಂಗೊತ್ತಿಲ್ವಾ? ಒಂದೇ ಬೋಲ್ಟು ಅಂತ ಹೋದೋನು ಮಗಳ ಮದುವೇಲಿ ಎಣ್ಣೆ ಕೈಯಲ್ಲೇ ಚರ್ಚಿಗೆ ಬಂದೋನಲ್ವಾ ನೀನು?"

"ಲವರ್ನ್, ಒಂದೇ ಸುತ್ತು ಕಣೇ."

ನಾನು ಕಾಗದ ಹಿಡಿದು ರೇಸಿನ ಮುಖ್ಯಸ್ಥರ ಕೋಣೆಯವರೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅವರು ಕಾಫಿ ಕುಡಿಯುತ್ತ "ಏನು ಲವರ್ನ್, ಇವತ್ತು ಆರಾಗುತ್ತಾ?" ಎಂದರು. "ಆಗುತ್ತೆ" ಎಂದು ಕಾಗದವನ್ನು ಮತ್ತೆ ಕೈಚೀಲಕ್ಕೆ ತುರುಕಿದೆ. ಗಂಡನ ಮೇಲಿನ ಕರುಣೆ ಎಂದು ಹೇಳಿಕೊಳ್ಳಬಹುದು, ಆದರೆ ಸುಳ್ಳಾಗುತ್ತದೆ. ನಲವತ್ತು ವರ್ಷ ಆ ಗೋಪುರದಲ್ಲಿ ಕೂತವಳು ನಾನು. ನನಗೂ ಆ ಆರು ಬೇಕಿತ್ತು.

ಹಸಿರು ಬಾವುಟ ಬೀಸಿದರು. ಆರು ಕಾರುಗಳು ಗೆರೆ ದಾಟಿದವು. ಕೊನೆಯ ಸಾಲಿನಲ್ಲಿ ಗಾರ್ಡಿ ಮತ್ತು ಆರ್ಲೊ, ಭುಜಕ್ಕೆ ಭುಜ. ನಾನು ಆರು ಎಂದು ಬರೆದೆ, ಸಹಿ ಹಾಕಿದೆ. ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ಬೆಟ್ಟದ ಆಚೆಯ ತಿರುವುಗಳ ಕಡೆಗೇ ಇತ್ತು. ಗೋಪುರಕ್ಕೆ ಅವು ಕಾಣುವುದಿಲ್ಲ. ಇನ್ನವನು ಕೊನೆಯ ಸುತ್ತಿನವರೆಗೂ ಒಳಗೆ ಬರುವುದಿಲ್ಲ, ಅಷ್ಟೂ ಹೊತ್ತು ನಾನು ಹೀಗೇ ಬೇಯಬೇಕು ಎಂದುಕೊಂಡು, ಸಂಜೆ ಅವನಿಗೆ ಬೈಯಬೇಕಾದ ಬೈಗುಳಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಎರಡು ನಿಮಿಷಕ್ಕೆ ಅರವತ್ತೊಂದು ಕಾಣಿಸಿತು. ಒಳಗೆ ಬರುತ್ತೇನೆಂದು ಆರ್ಲೊನ ಕೈ ಮೇಲೆದ್ದಿತ್ತು. ಕಾರು ನಿಧಾನವಾಗಿ, ರೇಸು ಬಿಟ್ಟು ಬಂದವರು ನಿಲ್ಲುವ ಪಿಟ್ ಕಡೆಗೆ ತಿರುಗಿತು.

"ಪರವಾಗಿಲ್ವೇ, ಒಂದೇ ಸುತ್ತು ಅಂತ ಬೆಳಿಗ್ಗೆ ಹೇಳಿದ್ರು, ನಿಮ್ಮ ಯಜಮಾನ್ರು ಮಾತಿಗೆ ತಪ್ಪೋರಲ್ಲ," ಎಂದು ಯಾರೋ ನಕ್ಕರು. ಅವನ ಒಂದು ಯಾವತ್ತೂ ಒಂದಕ್ಕೇ ನಿಂತದ್ದಿಲ್ಲ. ಪೆನ್ನು ಎಲ್ಲಿ ಬಿತ್ತೋ, ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ.

ಎಂಜಿನ್ ನಿಂತಿತ್ತು. ಅವನು ಹೆಲ್ಮೆಟ್ ತೆಗೆಯದೆ ಕೂತಿದ್ದ.

"ಆರಾಯ್ತಾ?"

"ಆಯ್ತು. ಯಾಕೆ ಬಂದೆ?"

"ಬರ್ತೀನಿ ಅಂದಿದ್ನಲ್ಲ."

"ಆರ್ಲೊ, ಯಾಕೋ ಬಂದೆ?" ಎಂದು ಕಿರುಚಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು.

ಅವನು ಕೈಗವಸು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ.

"ಆರನೇ ತಿರುವಲ್ಲಿದ್ದೆ. ಆಮೇಲೆ ನೋಡಿದ್ರೆ ಎಂಟನೇದ್ರಲ್ಲಿದ್ದೆ. ಏಳು ಎಲ್ಲಿ ಹೋಯ್ತೋ ಗೊತ್ತಿಲ್ಲ, ಲವರ್ನ್." ಹೆಲ್ಮೆಟ್ ತೆಗೆದ. "ಗಾರ್ಡಿ ನನ್ನ ಪಕ್ಕದಲ್ಲೇ ಇದ್ದ. ಕೈ ಚಾಚಿದ್ರೆ ಸಿಗೋಷ್ಟು ದೂರ."

ಆಂಬುಲೆನ್ಸಿನವರನ್ನು ನಾನೇ ಕೂಗಿ ಕರೆದೆ. ಆ ಕಾಗದವನ್ನು ಮುಖ್ಯಸ್ಥರಿಗೆ ತೋರಿಸಬೇಕಾಗಿದ್ದವಳು ಆಂಬುಲೆನ್ಸಿನ ಹುಡುಗಿಯ ಕೈಗಿಟ್ಟೆ. ಅವಳು ಓದಿ ನನ್ನ ಮುಖ ನೋಡಿದಳು.

ಈಗ ಆರ್ಲೊನ ಎದೆಯಲ್ಲಿ ಯಂತ್ರ ಇಟ್ಟಿದ್ದಾರೆ. ಕಾರು ಓಡಿಸುವುದಿಲ್ಲ, ನಾನು ಬಿಡುವುದೂ ಇಲ್ಲ, ಅವನು ಕೇಳುವುದೂ ಇಲ್ಲ. ವೀಗಳಿಗೆ ಅವುಗಳದೇ ರೇಸು ಉಳಿಯಿತು. ಈ ವರ್ಷ ಒಂಬತ್ತು ಬಂದಿದ್ದವು, ಗಾರ್ಡಿಯದೂ ಸೇರಿ. ಪ್ರತಿ ಶುಕ್ರವಾರ ಮೀನಿನ ಊಟಕ್ಕೆ ಅವನ ಬಾರಿಗೆ ಹೋಗುತ್ತೇವೆ. ಗಾರ್ಡಿ ನಮ್ಮಿಬ್ಬರ ನಡುವೆ ತನ್ನ ದೊಡ್ಡ ಹೊಟ್ಟೆ ತೂರಿಸಿ, ಎರಡೂ ಹೆಗಲ ಮೇಲೆ ಕೈ ಹಾಕಿ, ಬಂದ ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗುತ್ತಾನೆ.

"ಈ ಗಂಡ ಹೆಂಡ್ತಿ ಇಲ್ದಿದ್ರೆ ನಾನು ಇವತ್ತು ಎಲ್ಲಿರ್ತಿದ್ದೆ ಹೇಳ್ರಪ್ಪಾ!"

ಎಲ್ಲರೂ ಲೋಟ ಎತ್ತುತ್ತಾರೆ. ಏಳನೇ ತಿರುವಿನ ಮಾತು ಅವನಿಗೆ ಇವತ್ತಿನವರೆಗೂ ನಾವು ಹೇಳಿಲ್ಲ. ನಾನು ಆರ್ಲೊನ ಕಡೆ ನೋಡುವುದಿಲ್ಲ, ಅವನು ನನ್ನ ಕಡೆ ನೋಡುವುದಿಲ್ಲ. ಗಾರ್ಡಿ ಸುರಿದಷ್ಟೂ ಕುಡಿದು ಮನೆಗೆ ಬರುತ್ತೇವೆ.