ಗೋಡೆಯ ಹಿಂದೆ ಎರಡು ಬಿಳಿ ಪಟ್ಟಿ

ಬೆಳಗಿನ ಆರು ಗಂಟೆ. ನಾಟಕಶಾಲೆಯ ದೀಪಗಳು ಇನ್ನೂ ಪೂರ್ತಿ ಹತ್ತಿಲ್ಲ. ರಂಗದ ಹಿಂಬದಿಯಲ್ಲಿ, ಏಳು ಅಡಿ ಎತ್ತರದ ಪ್ಲೈವುಡ್ ಗೋಡೆಯಿಂದ ಎರಡು ಹೆಜ್ಜೆ ಆಚೆ, ಐವತ್ತಮೂರರ ಹೆಂಗಸೊಬ್ಬರು ಕಾಲು ಅಗಲಿಸಿ, ಕೈ ಮೇಲೆತ್ತಿ ನಿಂತಿದ್ದಾರೆ. ಎರಡೂ ಮಣಿಕಟ್ಟಿಗೆ ಬಿಳಿ ಬಟ್ಟೆಯ ಪಟ್ಟಿ. ಗೋಡೆಯ ತುದಿಯಲ್ಲಿ ಒಂಬತ್ತು ವರ್ಷದ ಹುಡುಗಿ.

"ಬಾ," ಎನ್ನುತ್ತಾರೆ. ಹುಡುಗಿ ಹಾರುತ್ತಾಳೆ. ತೋಳಿಗೆ ಬಿದ್ದವಳನ್ನು ಕೆಳಗಿಳಿಸಿ, ತಮ್ಮ ಎಡ ಭುಜವನ್ನೊಮ್ಮೆ ತಿರುವಿ, "ಇನ್ನೊಂದ್ಸಲ. ಈ ಸಲ ಆಕಳಿಸ್ಬೇಡ," ಎನ್ನುತ್ತಾರೆ. ಮಕ್ಕಳಿಗೆ ಶಾಲೆ ಇರುವುದರಿಂದ ತಾಲೀಮು ಏಳೂವರೆಯೊಳಗೆ ಮುಗಿಯಬೇಕು.

ಹದಿನಾಲ್ಕು ವರ್ಷದಿಂದ ನಡೆಯುತ್ತಿರುವ ಈ ಸಂಗೀತ ನಾಟಕದ ಕೊನೆಯಲ್ಲಿ, ತನಗೆ ರೆಕ್ಕೆ ಇದೆ ಎಂದು ನಂಬಿದ ಹುಡುಗಿಯೊಬ್ಬಳು ಹಾಡುತ್ತಲೇ ಗೋಡೆಯಾಚೆ ಹಾರಿಬಿಡುತ್ತಾಳೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆಚೆಯ ಕತ್ತಲಲ್ಲಿ ಅವಳನ್ನು ಹಿಡಿಯುವುದು ಇವರ ಕೆಲಸ. ಕಚೇರಿಯ ಕಾಗದದಲ್ಲಿ ಇವರು ರಂಗ ಸಹಾಯಕಿ, ಮಕ್ಕಳ ಬಾಯಲ್ಲಿ ದೊಡ್ಡಮ್ಮ.

ಮೊದಲು ಬೇಕರಿಯೊಂದರಲ್ಲಿ ಹಿಟ್ಟಿನ ಮೂಟೆ ಇಳಿಸುತ್ತಿದ್ದರು. ಅದು ಮುಚ್ಚಿದಾಗ ಇಲ್ಲಿ ಕಸ ಗುಡಿಸಲು ಬಂದರು. ಹುಡುಗಿಯನ್ನು ಹಿಡಿಯುವ ಆಳು ಒಂದು ದಿನ ಜ್ವರ ಬಂದು ಮಲಗಿದ. ಪೊರಕೆ ಬದಿಗಿಟ್ಟು ನಿಂತವರು ಹನ್ನೊಂದು ವರ್ಷವಾದರೂ ಅದನ್ನು ಮತ್ತೆ ಮುಟ್ಟಿಲ್ಲ. "ಮೂಟೆ ಆದ್ರೆ ಸುಮ್ನೆ ಬೀಳುತ್ತೆ. ಈ ಮಕ್ಳು ಬೀಳ್ತಾನೂ ಹಾಡ್ತಿರ್ತಾವೆ," ಎಂದು ನಗುತ್ತಾರೆ.

ವಾರಕ್ಕೆ ಎಂಟು ಆಟ. ಸರದಿಯಂತೆ ಪಾತ್ರ ಮಾಡುವ ಮೂವರು ಹುಡುಗಿಯರ ತೂಕ ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತೊಂದು ಕಿಲೋ. ನಾಲ್ಕು ಸಾವಿರಕ್ಕೂ ಮಿಕ್ಕಿದ ಹಾರಾಟಗಳಲ್ಲಿ ಒಂದು ಮಗುವೂ ನೆಲಕ್ಕೆ ಬಿದ್ದಿಲ್ಲ. ದೊಡ್ಡಮ್ಮನ ಮುಂದಿನ ಹಲ್ಲೊಂದು ಮಾತ್ರ ಯಾರದೋ ಮೊಣಕೈ ತಗುಲಿ ಹೋಗಿದೆ. "ಆ ಹುಡ್ಗಿ ಈಗ ಹಲ್ಲಿನ ಡಾಕ್ಟ್ರಿಗೆ ಓದ್ತಿದ್ದಾಳೆ. ಕಟ್ಟಿಸ್ಕೊಡ್ತೀನಿ ಅಂದಿದ್ದಾಳೆ, ನೋಡೋಣ."

ಹೋದ ತಿಂಗಳಿಂದ ಎಡ ಭುಜ ಸತಾಯಿಸುತ್ತಿದೆ. ಭಾರ ಎತ್ತುವುದನ್ನು ಕಡಿಮೆ ಮಾಡಿ ಎಂದರು ಡಾಕ್ಟರು. ದೊಡ್ಡಮ್ಮ ಕಡಿಮೆ ಮಾಡಿದ್ದು ಮನೆಯಲ್ಲಿ. ಟೈಲರ್ ಕೆಲಸ ಮಾಡುವ ಮಗಳಿಗೆ ನಾಲ್ಕು ವರ್ಷದ ಮಗುವಿದೆ. ನಾಟಕಕ್ಕೆ ರಜೆ ಇರುವ ಸೋಮವಾರ ಮಾತ್ರ ಅಜ್ಜಿ ಅವಳನ್ನು ಎತ್ತಿಕೊಳ್ಳುತ್ತಾರೆ. ಮೊಮ್ಮಗಳು ವಾರದ ಹೆಸರು ಕಲಿತದ್ದೇ ಹೀಗೆ. "ಊರ ಮಕ್ಳನ್ನೆಲ್ಲ ಹಿಡೀತಾಳೆ, ಮನೆ ಮಗು ಸೋಮವಾರದ ತನಕ ಕಾಯ್ಬೇಕು," ಎನ್ನುತ್ತಾಳೆ ಮಗಳು. ದೊಡ್ಡಮ್ಮ ಕಾಫಿ ಲೋಟ ತೊಳೆಯುತ್ತಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದು ಕೂತಿದ್ದ ನನಗೇ ಕಸಿವಿಸಿಯಾಗುತ್ತದೆ.

ಭುಜದ ಸುದ್ದಿ ಕೇಳಿ ವ್ಯವಸ್ಥಾಪಕರು ಹುಡುಗಿಯರು ಬೀಳಲೆಂದು ಎರಡು ಅಡಿ ದಪ್ಪದ ಹಾಸಿಗೆ ತರಿಸಿದ್ದಾರೆ. ಶನಿವಾರ ಮಧ್ಯಾಹ್ನದ ಆಟದಲ್ಲಿ ಅದರ ಪರೀಕ್ಷೆ. ಪಾಸಾದರೆ ದೊಡ್ಡಮ್ಮನ ಕೈಗೆ ಮತ್ತೆ ಪೊರಕೆ. ಅಂದು ಅವರಿಗೆ ಮುಂದಿನ ಸಾಲಿನಲ್ಲಿ ಸೀಟು, ಪಕ್ಕದಲ್ಲಿ ನಾನು. ಹನ್ನೊಂದು ವರ್ಷದಲ್ಲಿ ಈ ನಾಟಕವನ್ನು ಅವರು ಎದುರಿನಿಂದ ನೋಡುತ್ತಿರುವುದು ಇದೇ ಮೊದಲು.

ಒಂಬತ್ತರ ಆ ಹುಡುಗಿಯದೇ ಸರದಿ. ಗೋಡೆಯ ಮೇಲೆ ನಿಂತು ಹಾಡಿನ ಕೊನೆಯ ಸಾಲು ಹಾಡುತ್ತಾಳೆ. ತಲೆ ತಗ್ಗಿಸಿ ಆಚೆ ಕೆಳಗೆ ನೋಡುತ್ತಾಳೆ. ಆಮೇಲೆ ಹಾರುತ್ತಾಳೆ. ಅರೆಕ್ಷಣದ ಮಾತು, ಜನ ಎಂದಿನಂತೆ ಚಪ್ಪಾಳೆ ತಟ್ಟುತ್ತಾರೆ. ಆದರೆ ರೆಕ್ಕೆ ಇದೆ ಎಂದು ನಂಬಿದವಳು ಹಾಗೆ ಕೆಳಗೆ ನೋಡುವುದಿಲ್ಲ. ಪಕ್ಕಕ್ಕೆ ತಿರುಗಿದರೆ, ದೊಡ್ಡಮ್ಮನ ಎರಡೂ ಕೈ ಮೇಲೆದ್ದಿವೆ. ಆಚೆ ಸೀಟಿನವರು ತಮ್ಮ ಚೀಲವನ್ನು ಮೆಲ್ಲಗೆ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಾರೆ.

ಮಂಗಳವಾರದ ತಾಲೀಮಿನಲ್ಲಿ ನಿರ್ದೇಶಕರು ಹುಡುಗಿಯನ್ನು ಕರೆಯುತ್ತಾರೆ. "ಯಾಕಮ್ಮ ಕೆಳಗೆ ನೋಡ್ದೆ?"

"ಹಾಸಿಗೆ ಕಾಣ್ಸಲ್ಲ ಸರ್, ಕತ್ತಲು. ದೊಡ್ಡಮ್ಮನ ಪಟ್ಟಿ ಆದ್ರೆ ತಲೆ ಬಗ್ಗಿಸ್ದೇನೇ ಕಾಣ್ಸುತ್ತೆ." ಆಮೇಲೆ ಸೇರಿಸುತ್ತಾಳೆ: "ಅವ್ರು ಹಿಡೀದಿದ್ರೂ ಪರ್ವಾಗಿಲ್ಲ. ಅಲ್ಲಿ ನಿಂತಿರ್ಲಿ."

ನಿರ್ದೇಶಕರು ಒಂದು ಸಲ ನೋಡಿಯೇಬಿಡೋಣ ಎನ್ನುತ್ತಾರೆ. ಗೋಡೆ, ಅದರಾಚೆ ಹಾಸಿಗೆ, ಹಾಸಿಗೆಯಾಚೆ ಕೈ ಎತ್ತಿದ ದೊಡ್ಡಮ್ಮ. ಹುಡುಗಿ ತಲೆ ಎತ್ತಿಕೊಂಡೇ ಹಾರುತ್ತಾಳೆ. ನಿರ್ದೇಶಕರು ಪುಸ್ತಕದಲ್ಲಿ ಏನೋ ಬರೆದುಕೊಂಡು, "ಇಬ್ರೂ ಇರ್ಲಿ," ಎನ್ನುತ್ತಾರೆ. ಇಬ್ಬರು ಎಂದರೆ ಹಾಸಿಗೆ ಮತ್ತು ದೊಡ್ಡಮ್ಮ.

"ಹಿಡಿಯೋದು ಹಾಸಿಗೆ. ಹಾರ್ಸೋದು ಮಾತ್ರ ನಾನೇ," ಎನ್ನುತ್ತಾರೆ ದೊಡ್ಡಮ್ಮ, ಪಟ್ಟಿ ಬಿಚ್ಚುತ್ತ. "ಆದ್ರೂ ಕೈ ಖಾಲಿ ಖಾಲಿ ಅನ್ಸುತ್ತೆ."

ಎಂಟು ಗಂಟೆಗೆ ಮನೆ. ಮೊಮ್ಮಗಳು ಹೊಸ್ತಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. ಅಜ್ಜಿ ಬಂದದ್ದು ಗೊತ್ತಾದರೂ ತಲೆ ಎತ್ತುವುದಿಲ್ಲ. ದೊಡ್ಡಮ್ಮ ಬಗ್ಗಿ, ಬಲ ತೋಳಿಗೆ ಭಾರ ಕೊಟ್ಟು, ಅವಳನ್ನು ಎತ್ತಿಕೊಳ್ಳುತ್ತಾರೆ. ಒಂದು ಚಪ್ಪಲಿ ಕೆಳಗೆ ಬೀಳುತ್ತದೆ.

"ಅಜ್ಜಿ, ಇವತ್ತು ಸೋಮವಾರ ಅಲ್ಲ."

"ಗೊತ್ತು," ಎನ್ನುತ್ತಾರೆ ದೊಡ್ಡಮ್ಮ. ಇಳಿಸುವುದಿಲ್ಲ.