ಕಜ್ಜಿ ಅಳಿಸುವ ಫೋನು

ಇಂಡಿ ಪಟ್ಟಣದಲ್ಲಿ ನನ್ನದು ನಿಂಬೆಹಣ್ಣಿನ ವ್ಯಾಪಾರ. ಮಾಲಿನ ಫೋಟೋ ಕಳಿಸುತ್ತೇನೆ, ಸೊಲ್ಲಾಪುರದ ಖರೀದಿದಾರ ಅದನ್ನು ನೋಡಿಯೇ ತರಿಸಿಕೊಳ್ಳುತ್ತಾನೆ. ಹಣ್ಣಿಗೆ ಕಜ್ಜಿಯ ಕಲೆ ಇದ್ದರೆ ಅದೂ ಫೋಟೋದಲ್ಲಿ ಇರುತ್ತಿತ್ತು. ಇಷ್ಟು ವರ್ಷ ತಕರಾರು ಬಂದಿರಲಿಲ್ಲ.

ಹೊಸ ಫೋನ್ ತಗೊಂಡ ವಾರದಲ್ಲೇ ಆತ ಫೋನ್ ಮಾಡಿ, "ಸಾವ್ಕಾರ್ರ, ಫೋಟೋದಾಗ ಒಂದು, ಚೀಲದಾಗ ಒಂದು. ನೀವೂ ಸುಳ್ಳು ಹೇಳಾಕ ಹತ್ತಿದ್ರೇನು?" ಎಂದ.

ಒಂದು ಕಜ್ಜಿಹಣ್ಣು ಜೇಬಿಗೆ ಹಾಕಿಕೊಂಡು ಫೋನ್ ಅಂಗಡಿಗೆ ಹೋದೆ. ನನ್ನ ಫೋನನ್ನೂ ಹಣ್ಣನ್ನೂ ಗಾಜಿನ ಮೇಲಿಟ್ಟೆ.

"ಇದರ ಫೋಟೋ ತಗಿ."

ಅಂಗಡಿಯವನು ತೆಗೆದ. ಪರದೆಯಲ್ಲಿ ಹಣ್ಣು ಅರಿಶಿನದ ಹಾಗೆ ಹಳದಿ.

"ಕಜ್ಜಿ ಎಲ್ಲಿ ಹೋತು?"

"ಫೋನೇ ತಗೀತೈತ್ರಿ ಮುತ್ಯಾ. ಈ ಮಾಡೆಲ್ಲಿಗೆ ಮಂದಿ ಬರೂದೇ ಅದಕ್ಕ."

"ಕಜ್ಜಿ ತಗಿ ಅಂತ ಅದಕ್ಕ ಹೇಳಿದವ್ರು ಯಾರು?"

"ಯಾರೂ ಹೇಳೂದು ಬ್ಯಾಡ್ರಿ, ತಾನೇ ತಿಳ್ಕೋತೈತಿ."

"ಬಂದ್ ಮಾಡು."

ಸೆಟ್ಟಿಂಗ್ ಎಲ್ಲ ಹುಡುಕಿದ. "ಪೂರ್ತಿ ಬಂದ್ ಆಗಂಗಿಲ್ರಿ. ಫೋಟೋ ಚಂದ ಬಂದ್ರ ನಿಮಗೇನ್ರಿ ತ್ರಾಸು?"

"ನನ್ನ ಮಾತು ಹೋತಲ್ಲೋ. ಅದನ್ನ ಯಾವ ಬಟನ್ ಒತ್ತಿ ತರಲಿ?"

ಅವನಿಂದಲೇ ಸಿಮ್ ತೆಗೆಸಿ ಹಳೆಯ ಫೋನಿಗೇ ಹಾಕಿಸಿಕೊಂಡೆ. ಅದರ ಗಾಜು ಒಡೆದಿದೆ, ಆದರೆ ಕಜ್ಜಿಯನ್ನು ಕಜ್ಜಿಯಾಗಿಯೇ ತೋರಿಸುತ್ತದೆ. ಕಳಿಸುವ ಮುನ್ನ ಹಣ್ಣು, ಫೋಟೋ ಎರಡನ್ನೂ ಹೋಲಿಸಿ ನೋಡದೇ ಇದ್ದದ್ದು ನನ್ನ ತಪ್ಪು. ಅದನ್ನು ಸೊಲ್ಲಾಪುರದವನಿಗೆ ಹೇಳಿದ್ದೇನೆ. ಅವನು ನಂಬಿದನೋ ಇಲ್ಲವೋ ತಿಳಿಯದು.

ಹೊರಡುವಾಗ ಅಂಗಡಿಯವನು, "ಹಣ್ಣರ ಬಿಟ್ಟು ಹೋಗ್ರಿ ಮುತ್ಯಾ, ಶರಬತ್ ಮಾಡ್ಕೋತೇನಿ" ಎಂದು ನಕ್ಕ.

"ಫೋನಿನಾಗ ಚಂದಂದು ಐತಲ್ಲ, ಅದನ್ನ ಹಿಂಡ್ಕೊ" ಎಂದು ಹಣ್ಣನ್ನು ಜೇಬಿಗೆ ಹಾಕಿಕೊಂಡೆ.